ಗಡಹಿಂಗ್ಲಜಕ್ಕೆ ನೆಟ್ಟಗೆ ಎಷ್ಟು ದೂರ?

ಕೊಲ್ಹಾಪುರದ ಬಸ್ ನಿಲ್ದಾಣ. ಕೆಂಪು ಎಸ್‌ಟಿ ಬಸ್ಸಿನ ಕಿಟಕಿಗೆ ಆತು ಕೂತಿದ್ದೀರಿ. “ಗಡಹಿಂಗ್ಲಜ ಎಷ್ಟು ದೂರ ಆಗ್ತದ್ರೀ ಅಜ್ಜಾರ?” ಅಂತ ಪಕ್ಕದವರನ್ನು ಕೇಳುತ್ತೀರಿ.

“ನಿಪ್ಪಾಣಿ ಮ್ಯಾಲೆ ಹೋಗ್ತದ್ರಿ. ಎಪ್ಪತ್ತ ಕಿಲೋಮೀಟರ್ ಹಿಡೀರಿ.”

ಕಾಗಲ ದಾಟಿತು. ದಾರಿಬದಿಯ ಫಲಕಗಳು ಮರಾಠಿಯಿಂದ ಕನ್ನಡಕ್ಕೆ ಹೊರಳುತ್ತಿವೆ. ನಿಪ್ಪಾಣಿ ಬಂತು, ಅಂದರೆ ಕರ್ನಾಟಕ. ಹೆದ್ದಾರಿ ಬಿಟ್ಟು ಮುಂದೆ ಹೋದರೆ ಮತ್ತೆ ಮಹಾರಾಷ್ಟ್ರ. ಒಂದೇ ಜಿಲ್ಲೆಯ ಎರಡು ಊರುಗಳ ನಡುವೆ ಇನ್ನೊಂದು ರಾಜ್ಯ! ಹಕ್ಕಿಗೆ ಈ ಸುತ್ತು ಬೇಕಿಲ್ಲ.

ಟಿಕೆಟ್ಟಿನ ಬೆನ್ನಿಗೆ ಎರಡು ಗೆರೆ ಎಳೆಯಿರಿ. ಅಡ್ಡಗೆರೆ ಪೂರ್ವಕ್ಕೆ, ನಿಂತ ಗೆರೆ ಉತ್ತರಕ್ಕೆ. ಅವು ಕೂಡುವಲ್ಲಿ ಕೊಲ್ಹಾಪುರ, ಮೂಲಬಿಂದು (0, 0). ಫೋನಿನ ನಕ್ಷೆ ಅಕ್ಷಾಂಶ, ರೇಖಾಂಶ ಕೊಡುತ್ತದೆ. ಆ ಡಿಗ್ರಿಗಳನ್ನೇ ದೂರದ ಸೂತ್ರಕ್ಕೆ ತುರುಕಬೇಡಿ. ಈ ಭಾಗದಲ್ಲಿ ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ., ರೇಖಾಂಶದ್ದು 107. ಕಿಲೋಮೀಟರಿಗೆ ಇಳಿಸಿದರೆ ಗಡಹಿಂಗ್ಲಜ ಪೂರ್ವಕ್ಕೆ ಸುಮಾರು 12, ದಕ್ಷಿಣಕ್ಕೆ ಸುಮಾರು 52: (12, −52). ಲಂಬಕೋನ ತ್ರಿಭುಜದ ಪಾದ, ಲಂಬ ಎರಡೂ ಸಿಕ್ಕವು, ಬೇಕಾದದ್ದು ವಿಕರ್ಣ. ಪಾದ, ಲಂಬಗಳ ವರ್ಗ ಕೂಡಿಸಿದರೆ ವಿಕರ್ಣದ ವರ್ಗ.

−52 ಕಂಡು ಅಳುಕಬೇಡಿ. ಋಣದ ವರ್ಗವೂ ಧನವೇ ಎಂದು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಹೇಳಿಬಿಟ್ಟಿದ್ದಾನೆ. 12ರ ವರ್ಗ 144ಕ್ಕೆ 52ರ ವರ್ಗ 2704 ಕೂಡಿಸಿ, 2848. ವರ್ಗಮೂಲ ತೆಗೆಯಿರಿ: 53.4 ಕಿ.ಮೀ.

ನನಗೆ ಸೊಗಸು ಕಾಣುವುದು ಈಗ. ಪೂರ್ವಕ್ಕೆ 12 ಕಿ.ಮೀ. ಸರಿದರೂ ದೂರ ಹೆಚ್ಚಿದ್ದು ಒಂದೂವರೆ ಕಿ.ಮೀ.ಗಿಂತ ಕಡಿಮೆ! ವರ್ಗ ಮಾಡಿದೊಡನೆ ದೊಡ್ಡದು ಚಿಕ್ಕದನ್ನು ನುಂಗುತ್ತದೆ. ಪವರ್‌ಲೂಮಿನ ಊರು ಇಚಲಕರಂಜಿಯನ್ನೂ ಗುರುತು ಹಾಕಿ, ಹೆಚ್ಚುಕಡಿಮೆ (24, −1). ದಕ್ಷಿಣದ ಆ ಒಂದು ಕಿ.ಮೀ. 24ಕ್ಕೆ ಸೇರಿಸುವುದು ಬರೀ 21 ಮೀಟರ್. ಬಿಟ್ಟರೂ ನಡೆದೀತು.

ಹಿರಣ್ಯಕೇಶಿ ದಡದ ಗಡಹಿಂಗ್ಲಜ ಬಂತು. ನಿಲ್ದಾಣದಲ್ಲಿ ಮರಾಠಿ, ಕನ್ನಡ ಒಟ್ಟೊಟ್ಟಿಗೆ ಕಿವಿಗೆ ಬೀಳುತ್ತಿವೆ. ಅಜ್ಜ ಚೀಲ ಹೆಗಲಿಗೇರಿಸಿಕೊಂಡು ಇಳಿದರು. ಟಿಕೆಟ್ ಎಸೆಯುವ ಮುಂಚೆ ಇನ್ನೊಂದು ಲೆಕ್ಕ ನೀವೇ ಮಾಡಿ ನೋಡಿ: ಇಚಲಕರಂಜಿಯಿಂದ ಇಲ್ಲಿಗೆ ನೆಟ್ಟಗೆ ಎಷ್ಟು? ಎರಡೂ ಬಿಂದುಗಳ ನಿರ್ದೇಶಾಂಕ ಕಳೆಯಿರಿ. ಅಡ್ಡಕ್ಕೆ 12, ನಿಲುವಿಗೆ 51. 52ಕ್ಕೂ 53ಕ್ಕೂ ನಡುವೆ ಬಂದರೆ ಲೆಕ್ಕ ಸರಿ.