ಬೆಂಕಿಪುರದಲ್ಲಿ ಐರನ್ ಮೇಡನ್

ಕಳೆದ ದಸರೆಗೆ ಅಟ್ಟ ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹಿತ್ತಾಳೆಯ ಹಂಡೆ, ಕಡ್ಡಿ ಮುರಿದ ಕೊಡೆ, ನನ್ನ ಏಳನೇ ಕ್ಲಾಸಿನ ಡ್ರಾಯಿಂಗ್ ಪುಸ್ತಕಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ದೊಡ್ಡಪ್ಪನ ಮಗ ವಿದೇಶಕ್ಕೆ ಹೋಗುವಾಗ ನಮ್ಮ ಮನೆಯಲ್ಲಿ ಬಿಟ್ಟುಹೋದದ್ದು. ತೆರೆದರೆ ಮೇಲೆ ಒಂದು ಮಾಸಿದ ಕಪ್ಪು ಟೀ ಶರ್ಟು, ಅದರಡಿ ಒಂದು ಡಿವಿಡಿ: ಐರನ್ ಮೇಡನ್ ಬ್ಯಾಂಡಿನ 'ಎನ್ ವಿವೋ!'. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ 'ನೇರ' ಎಂದರ್ಥ. ಅಮ್ಮ ಕೆಳಗಿನಿಂದಲೇ ಅದರ ಚಿತ್ರ ನೋಡಿ, "ಹಬ್ಬದ ದಿನ ಆ ಭೂತನ್ನ ದೇವರ ಮನೆ ಕಡೆ ತರಬೇಡ" ಅಂದಳು.

ಆ ಟೀ ಶರ್ಟು ನನಗೆ ಚೆನ್ನಾಗಿ ನೆನಪಿದೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಭಾರತದಲ್ಲಿ ಮೊದಲ ಸಲ ಹಾಡಿತು. ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣ ಹೋಗಿದ್ದ. ಆ ಯುಗಾದಿಗೆ ಊರಿಗೆ ಬಂದವನ ಗಂಟಲು ಪೂರ್ತಿ ಕೂತಿತ್ತು. ಎರಡು ದಿನ ಕೈಸನ್ನೆಯಲ್ಲೇ ಮಾತಾಡಿದ. "ಯಾವ ಬ್ಯಾಂಡೋ ಅದು?" ಎಂದು ಅಪ್ಪ ಕೇಳಿದ್ದಕ್ಕೆ ಪಿಸುದನಿಯಲ್ಲಿ "ಹೆವಿ ಮೆಟಲ್, ಚಿಕ್ಕಪ್ಪ" ಅಂದ. ಅಪ್ಪ ನಕ್ಕುಬಿಟ್ಟರು. "ಅದನ್ನ ನೋಡೋಕೆ ಬೆಂಗಳೂರಿಗೆ ಯಾಕೆ ಹೋದೆ? ನಮ್ಮ ಶೆಡ್ಡಿಗೆ ಬಂದಿದ್ರೆ ಬಿಟ್ಟಿ ತೋರಿಸ್ತಿದ್ದೆ."

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಇಲ್ಲಿನ ಕಬ್ಬಿಣದ ಕಾರ್ಖಾನೆ ಮೈಸೂರು ಸಂಸ್ಥಾನದ ಕಾಲದ್ದು, ವಿಶ್ವೇಶ್ವರಯ್ಯನವರ ಹೆಸರಿನದು, ನೂರು ವರ್ಷ ದಾಟಿದ್ದು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಧರಣಿ ಕೂತರು. ಆಮೇಲೆ ಮುಚ್ಚುವುದು ಮುಂದಕ್ಕೆ ಹೋಯಿತು. ಅಪ್ಪ ಕೆಲಸ ಮಾಡಿದ್ದು ಅಲ್ಲಲ್ಲ. ಶಿವಮೊಗ್ಗದ ದಾರಿಯಲ್ಲಿರುವ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ, ಫೆಟ್ಲಿಂಗ್ ವಿಭಾಗದಲ್ಲಿ. ಅಚ್ಚಿನಿಂದ ಹೊರಬಂದ ಎರಕದ ಮೈಯಿಂದ ಮರಳು ಉದುರಿಸಿ, ಅಂಚಿಗೆ ಉಳಿದ ಹೆಚ್ಚುವರಿ ಲೋಹವನ್ನು ಉಳಿಯಿಂದ ಕಡಿದು, ಗ್ರೈಂಡರಿನಲ್ಲಿ ಉಜ್ಜುವ ಕೆಲಸ. ಇಪ್ಪತ್ತೆಂಟು ವರ್ಷ. ಈಗ ಅವರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ.

"ಸರಿಯಾಗಿ ಕೇಳುವುದಿಲ್ಲ" ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚು ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಒಂದೇ ಸಮನೆ ಮಂದವಾಗುವುದಿಲ್ಲ. ಮೊದಲು ಹೋಗುವುದು ಎತ್ತರದ ದನಿಗಳು, ಸುಮಾರು 4000 ಹರ್ಟ್ಸ್ ಆಸುಪಾಸಿನವು. ತಗ್ಗಿನ ದನಿಗಳು ಬಹಳ ಕಾಲ ಉಳಿಯುತ್ತವೆ. ಮಾತಿನಲ್ಲಿ ಸ್ವರಗಳು ತಗ್ಗಿನಲ್ಲಿರುತ್ತವೆ. ಸ, ಶ, ಫ, ತ ಇಂಥ ವ್ಯಂಜನಗಳ ಸದ್ದು ಎತ್ತರದಲ್ಲಿರುತ್ತದೆ. ಹಾಗಾಗಿ ಅಪ್ಪನಿಗೆ ಅಮ್ಮ ಮಾತಾಡುತ್ತಿದ್ದಾಳೆ ಎಂಬುದು ಗೊತ್ತಾಗುತ್ತದೆ, ಏನು ಹೇಳಿದಳು ಎಂಬುದು ಗೊತ್ತಾಗುವುದಿಲ್ಲ. ಅವರೇ ಹೇಳುವಂತೆ, "ದನಿ ಬರುತ್ತೆ, ಅಕ್ಷರ ಬರಲ್ಲ." ಕಿವಿಯ ಮಿಷನ್ ಹಾಕಿಸಿಕೊಳ್ಳಿ ಎಂದರೆ, "ಇನ್ನೂ ಅಷ್ಟು ಮುದುಕ ಆಗಿಲ್ಲ" ಎನ್ನುತ್ತಾರೆ.

ಇದರಿಂದ ಅವರು ಕಳೆದುಕೊಂಡದ್ದು ಭಾವಗೀತೆ. ಶಿವಮೊಗ್ಗ ಸುಬ್ಬಣ್ಣ ಅವರಿಗೆ ಅಚ್ಚುಮೆಚ್ಚು. 'ಕಾಡು ಕುದುರೆ' ಚಿತ್ರದ ಹಾಡಿಗೆ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದನ್ನು ತಮ್ಮ ಮನೆಗೇ ಬಂದಂತೆ ಹೇಳುತ್ತಿದ್ದರು. 2005ರಲ್ಲಿ ಸಿ. ಅಶ್ವತ್ಥ್ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆಸಿದಾಗ ಹೋಗಬೇಕೆಂದು ಹಣ ಎತ್ತಿಟ್ಟಿದ್ದರು, ಪಾಳಿ ಬದಲಾಗಲಿಲ್ಲ. ಅದೇ ಮೈದಾನದಲ್ಲಿ ಎರಡು ವರ್ಷದ ನಂತರ ಅಣ್ಣ ಗಂಟಲು ಹರಿದುಕೊಂಡು ಬಂದದ್ದು. ಭಾವಗೀತೆ ನಿಂತಿರುವುದೇ ಮಾತಿನ ಮೇಲೆ. ಅಕ್ಷರ ಬಾರದ ಕಿವಿಗೆ ಅದು ಬರಿಯ ಗುನುಗು. 2022ರ ಆಗಸ್ಟ್‌ನಲ್ಲಿ ಸುಬ್ಬಣ್ಣ ತೀರಿಕೊಂಡ ದಿನ ಟಿವಿಯಲ್ಲಿ ಅವರ ಹಾಡುಗಳು ಒಂದಾದಮೇಲೊಂದು ಬರುತ್ತಿದ್ದವು. ಅಪ್ಪ ಸ್ವಲ್ಪ ಹೊತ್ತು ಕೂತು ಎದ್ದುಹೋದರು. ದುಃಖಕ್ಕೆ ಎಂದುಕೊಂಡಿದ್ದೆ. ಹಾಡು ಗುರುತು ಸಿಗಲಿಲ್ಲ ಎಂದು ಆಮೇಲೆ ಅಮ್ಮ ಹೇಳಿದಳು.

ನಮ್ಮ ಹಳೆಯ ಡಿವಿಡಿ ಪ್ಲೇಯರಿನ ಲೆನ್ಸ್ ಹೋಗಿತ್ತು. ಶಿವಮೊಗ್ಗಕ್ಕೆ ಒಯ್ದು ನೆಹರೂ ರಸ್ತೆಯ ಹತ್ತಿರದ ಓಣಿಯೊಂದರಲ್ಲಿ ರಿಪೇರಿಗೆ ಕೊಟ್ಟೆ. "ಈಗ ಯಾರಮ್ಮ ಇದನ್ನ ಹಾಕ್ತಾರೆ, ಎಲ್ಲಾ ಮೊಬೈಲಲ್ಲೇ ಸಿಗುತ್ತಲ್ಲ" ಎನ್ನುತ್ತಲೇ ಆತ ಇನ್ಯಾವುದೋ ಸತ್ತ ಪ್ಲೇಯರಿನಿಂದ ಲೆನ್ಸ್ ಕಳಚಿ ಕೂರಿಸಿಕೊಟ್ಟ. ಮೊಬೈಲಿನಲ್ಲಿ ಸಿಗುತ್ತದೆ ನಿಜ. ಆದರೆ ಮೊಬೈಲಿಗೆ ಊಫರ್ ಇರುವುದಿಲ್ಲ.

ಆಯುಧಪೂಜೆಯ ಹಿಂದಿನ ಸಂಜೆ ಡಿಸ್ಕ್ ಹಾಕಿದೆ. 2011ರ ಏಪ್ರಿಲ್ 10, ಚಿಲಿ ದೇಶದ ಸ್ಯಾಂಟಿಯಾಗೊ ನಗರದ ರಾಷ್ಟ್ರೀಯ ಕ್ರೀಡಾಂಗಣ. ಸುಮಾರು 50,000 ಜನ. 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಸ್ಟೀವ್ ಹ್ಯಾರಿಸ್ ಕಟ್ಟಿದ ಬ್ಯಾಂಡು ಆ ಹೊತ್ತಿಗೆ ಮೂವತ್ತೈದು ವರ್ಷ ದಾಟಿತ್ತು. ವೇದಿಕೆಯ ಮೇಲಿದ್ದವರೆಲ್ಲ ಐವತ್ತು ಮೀರಿದವರು. ಡ್ರಮ್ಮಿನ ಹಿಂದಿದ್ದ ನಿಕೊ ಮೆಕ್‌ಬ್ರೇನ್‌ಗೆ ಐವತ್ತೆಂಟು.

ಎರಡನೆಯ ಹಾಡಿಗೆ ಅಪ್ಪ ಹಿತ್ತಲಿನಿಂದ ಬಂದರು. "ನೆಲ ಅದುರ್ತಾ ಇದೆ, ಏನು ಓಡ್ತಾ ಇದೆ?" ಟಿವಿ ತೋರಿಸಿದೆ. ಅವರು ಕುರ್ಚಿ ಬಿಟ್ಟು ಕೆಂಪು ಗಾರೆಯ ನೆಲದಲ್ಲಿ, ಊಫರಿನ ಪಕ್ಕ ಗೋಡೆಗೊರಗಿ ಕೂತರು. ಕೈ ಊಫರಿನ ಮೇಲಿಟ್ಟರು. ನಾನು ಸದ್ದು ಕಡಿಮೆ ಮಾಡಲು ಹೋದರೆ ಬೇಡವೆಂದು ಸನ್ನೆ ಮಾಡಿದರು.

ಐರನ್ ಮೇಡನ್‌ನಲ್ಲಿ ಒಂದು ವಿಶೇಷವಿದೆ. ಬಹಳಷ್ಟು ಬ್ಯಾಂಡುಗಳಲ್ಲಿ ಬೇಸ್ ಗಿಟಾರ್ ಹಿಂದೆ ನಿಂತು ತಳಪಾಯ ಹಾಕುತ್ತದೆ. ಇಲ್ಲಿ ಬ್ಯಾಂಡಿನ ಯಜಮಾನನೇ ಬೇಸ್ ನುಡಿಸುವವನು. ಹೆಚ್ಚಿನ ಹಾಡುಗಳನ್ನು ಬರೆಯುವವನೂ ಅವನೇ. ಬೆರಳಿನಿಂದಲೇ ನುಡಿಸುವ ಅವನ ಬೇಸ್ ಮುಂದೆ ಬಂದು ಹಾಡನ್ನು ಎಳೆದುಕೊಂಡು ಹೋಗುತ್ತದೆ. 'ದ ಟ್ರೂಪರ್' ಶುರುವಾಯಿತು. ಕ್ರಿಮಿಯಾ ಯುದ್ಧದಲ್ಲಿ ಫಿರಂಗಿಗಳ ಬಾಯಿಗೆ ನುಗ್ಗಿದ ಅಶ್ವದಳದ ಮೇಲಿನ ಹಾಡು. ನಾನು ಏನೂ ಹೇಳಿರಲಿಲ್ಲ. ಅಪ್ಪ ಊಫರಿನ ಮೇಲಿಂದ ಕೈ ತೆಗೆಯದೆ, "ಇವನು ಕುದುರೆ ಓಡಿಸ್ತಿದ್ದಾನೆ" ಅಂದರು. ಆಮೇಲೆ, "ಸುಬ್ಬಣ್ಣನೋರ ಕುದುರೆ ಅಲ್ಲ ಇದು, ಲಾಳ ಹೊಡೆದ ಕುದುರೆ."

ನಾನು ಟಿವಿ ನೋಡುವುದನ್ನು ಬಿಟ್ಟು ಅವರನ್ನು ನೋಡತೊಡಗಿದೆ. ಎಷ್ಟೋ ವರ್ಷಗಳ ನಂತರ ಅಪ್ಪ ಒಂದು ಹಾಡನ್ನು ಕೇಳುತ್ತಿದ್ದರು, ಅದರ ಜೊತೆ ಹೋಗುತ್ತಿದ್ದರು.

ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಆಡುತ್ತಿತ್ತು. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದುಡಿದರೆ ಕಿವಿಗೆ ಅಪಾಯ ಎನ್ನುತ್ತಾರೆ. ರಾಕ್ ಕಚೇರಿಯ ಸದ್ದು 100 ದಾಟುತ್ತದೆ. ಅಪ್ಪನ ಕಿವಿ ತಿಂದದ್ದೂ ಇಂಥ ಸದ್ದೇ. ಅದನ್ನು ಐವತ್ತು ಸಾವಿರ ಜನ ದುಡ್ಡು ಕೊಟ್ಟು ಕೇಳುತ್ತಿದ್ದಾರೆ, ನಾನೂ ಅವರಲ್ಲೊಬ್ಬಳು. ಈ ಸಂಗೀತ ಹುಟ್ಟಿದ್ದೂ ಕಾರ್ಖಾನೆಯ ಊರಿನಲ್ಲಿ. ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹುಡುಗ. ಹದಿನೇಳನೇ ವಯಸ್ಸಿನಲ್ಲಿ, ಕೆಲಸ ಬಿಡುವ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ತಂತಿ ಒತ್ತಲು ನೋವಾಗದಿರಲೆಂದು ತೆಳು ತಂತಿ ಹಾಕಿಕೊಂಡ, ಆಮೇಲೆ ಶ್ರುತಿಯನ್ನೂ ಇಳಿಸಿದ. ಹೆವಿ ಮೆಟಲ್‌ನ ಆ ತಗ್ಗಿನ, ಭಾರದ ದನಿಗೆ ಆ ಪೆಟ್ಟೂ ಒಂದು ಕಾರಣ. ಇದನ್ನು ಅಪ್ಪನಿಗೆ ಜೋರಾಗಿ, ಬಿಡಿಸಿ ಹೇಳಿದೆ. ಅವರು ಕೇಳಿದ್ದು ಒಂದೇ: "ಪ್ರೆಸ್ಸಾ, ಕಟಿಂಗಾ?"

ಕ್ರೀಡಾಂಗಣದ ಕಥೆಯನ್ನೂ ಹೇಳಿದೆ. 1973ರಲ್ಲಿ ಪಿನೊಶೆ ಸೇನಾ ದಂಗೆ ಮಾಡಿದಾಗ ಇದೇ ಕ್ರೀಡಾಂಗಣದಲ್ಲಿ ಸಾವಿರಾರು ಜನರನ್ನು ಕೂಡಿಹಾಕಿ ಹಿಂಸಿಸಿದ್ದರು. ಆಗಿನ ಹಳೆಯ ಮರದ ಬೆಂಚುಗಳ ಒಂದು ಭಾಗವನ್ನು ಇಂದಿಗೂ ಬದಲಿಸದೆ ನೆನಪಿಗೆಂದು ಉಳಿಸಿಕೊಂಡಿದ್ದಾರೆ. 1992ರಲ್ಲಿ ಐರನ್ ಮೇಡನ್ ಚಿಲಿಗೆ ಬರಬೇಕಿತ್ತು. ಸೈತಾನನ ಸಂಗೀತವೆಂದು ಚರ್ಚು ವಿರೋಧಿಸಿ ಕಾರ್ಯಕ್ರಮವೇ ರದ್ದಾಯಿತು. ಹತ್ತೊಂಬತ್ತು ವರ್ಷದ ಮೇಲೆ ಈ ಜನಸಾಗರ. ಅಪ್ಪ ಸ್ವಲ್ಪ ಯೋಚಿಸಿ, "ನಮ್ಮ ಶಿವಮೊಗ್ಗದ ಹಳೇ ಜೈಲೂ ಹಾಗೇ ಅಲ್ವಾ" ಅಂದರು. ಜೈಲಿದ್ದ ಜಾಗ ಫ್ರೀಡಂ ಪಾರ್ಕ್ ಆಗಿ, ಈಗ ಅಲ್ಲಮಪ್ರಭುವಿನ ಹೆಸರು ಹೊತ್ತಿದೆ. ಅಲ್ಲಿ ಡೊಳ್ಳಿನ ತಂಡಗಳನ್ನು ನಾನು ಮೊಬೈಲಿನಲ್ಲಿ ಚಿತ್ರಿಸಿಕೊಂಡಿದ್ದೇನೆ, ನನ್ನ ಸಂಶೋಧನೆಗಾಗಿ. ಶಂಕರಘಟ್ಟದ ಹಾಸ್ಟೆಲಿನಲ್ಲಿ ಅವನ್ನು ಮತ್ತೆ ನೋಡಿದಾಗೆಲ್ಲ ಏನೋ ಕಮ್ಮಿ ಎನಿಸುತ್ತದೆ. ಹೆಜ್ಜೆ ಇದೆ, ಬಣ್ಣ ಇದೆ, ಎದೆಗೆ ಬಡಿಯುವುದು ಇಲ್ಲ. ದಾಖಲೆ ಎಂದರೆ ಕಣ್ಣಿಗೂ ಕಿವಿಗೂ ಸಿಕ್ಕಿದ್ದು ಎಂದೇ ನಾನು ಪ್ರಬಂಧದಲ್ಲಿ ಬರೆದುಕೊಂಡು ಬಂದಿದ್ದೆ. ಅಂಗೈಗೆ ಸಿಕ್ಕಿದ್ದನ್ನು ಎಲ್ಲಿ ಬರೆಯುವುದು?

'ಬ್ಲಡ್ ಬ್ರದರ್ಸ್' ಬಂತು. ಹ್ಯಾರಿಸ್ ತೀರಿಕೊಂಡ ತನ್ನ ತಂದೆಯ ನೆನಪಿನಲ್ಲಿ ಬರೆದ ಹಾಡು. ಅದನ್ನು ಮಾತ್ರ ಅಪ್ಪನಿಗೆ ಹೇಳಲಿಲ್ಲ.

ಎರಡನೇ ಡಿಸ್ಕಿನಲ್ಲಿ 'ಬಿಹೈಂಡ್ ದ ಬೀಸ್ಟ್' ಎಂಬ ಸಾಕ್ಷ್ಯಚಿತ್ರವಿದೆ. ಈ ಸಂಗೀತಯಾತ್ರೆಯ ಹಿಂದಿನ ದುಡಿಮೆಯದ್ದು: ಸಾಮಾನು ಹೊರುವುದು, ವೇದಿಕೆ ಕಟ್ಟುವುದು, ಬೋಯಿಂಗ್ 757 ವಿಮಾನ, ಅದನ್ನು ಓಡಿಸುವ ಗಾಯಕ ಬ್ರೂಸ್ ಡಿಕಿನ್ಸನ್. ನಾನು ಬೇಸರವಾಗಬಹುದೆಂದು ಅಂದುಕೊಂಡಿದ್ದೆ. ಅಪ್ಪ ಕಚೇರಿಗಿಂತ ಇದನ್ನೇ ಕಣ್ಣರಳಿಸಿ ನೋಡಿದರು. ಒಂದು ಕಡೆ ನಿಲ್ಲಿಸಲು ಹೇಳಿ ಕೇಳಿದರು: "ಈ ಕೆಲಸದೋರು ಕಿವಿಗೆ ಏನಾದ್ರೂ ಹಾಕ್ಕೋತಾರಾ?"

"ಹಾಕ್ಕೋತಾರೆ ಅಪ್ಪ. ನಿಮಗೆ ಕೊಟ್ಟಿರಲಿಲ್ವಾ?"

"ಕೊಟ್ಟಿದ್ರು. ನಾವೇ ತೆಗೆದಿಡ್ತಿದ್ವಿ." ಸ್ವಲ್ಪ ತಡೆದು ಹೇಳಿದರು, "ಎರಕ ಆದ್ಮೇಲೆ ಸುತ್ತಿಗೇಲಿ ಒಂದು ತಟ್ಟಿ ನೋಡ್ತಿದ್ವಿ. ಸರಿ ಇದ್ರೆ ಗಂಟೆ ಥರ ಎಳೆಯುತ್ತೆ. ಒಳಗೆ ಬಿರುಕಿದ್ರೆ ಡಬ್ ಅಂತ ಅಲ್ಲೇ ಸಾಯುತ್ತೆ. ಕಿವಿ ಮುಚ್ಕೊಂಡ್ರೆ ಅದು ಹೇಗೆ ಗೊತ್ತಾಗ್ಬೇಕು?"

ಅಪ್ಪನ ಕಿವಿ ಸದ್ದಿಗೆ ಬಲಿಯಾಯಿತು ಎಂದಷ್ಟೇ ನಾನು ತಿಳಿದಿದ್ದೆ. ಆ ಕಿವಿಯೂ ಒಂದು ಸಲಕರಣೆಯಾಗಿತ್ತು, ಅದರಲ್ಲಿ ಅವರು ಪಳಗಿದ್ದರು, ಅದರ ಬಗ್ಗೆ ಅವರಿಗೆ ಹೆಮ್ಮೆಯಿತ್ತು ಎಂದು ಈ ಮೂವತ್ತರ ಅಂಚಿನಲ್ಲಿ ಗೊತ್ತಾಯಿತು.

ಮರುದಿನ ಆಯುಧಪೂಜೆ. ಅಪ್ಪ ತಮ್ಮ ಹಳೆಯ ಸುತ್ತಿಗೆಯನ್ನು ತೊಳೆದು ಕುಂಕುಮ ಹಚ್ಚಿ, ಬೈಕಿನ ಪಕ್ಕ ಇಟ್ಟರು. ಪೂಜೆ ಮುಗಿದ ಮೇಲೆ ಅಡುಗೆಮನೆಯಿಂದ ಬೀಡಿನ ದೋಸೆ ಕಾವಲಿ ತಂದು, ಹಿಡಿಯಲ್ಲಿ ನೇತುಹಾಕಿದಂತೆ ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ನನ್ನ ಮುಖ ನೋಡಿದರು.

"ಹೇಗೆ ಬಂತು?"

"ಗಂಟೆ ಥರ."

"ಎಳೀತಾ?"

"ಎಳೀತು."

"ಹಾಗಾದ್ರೆ ಬಿರುಕಿಲ್ಲ" ಎಂದು ಕಾವಲಿಯನ್ನು ಅಮ್ಮನಿಗೆ ಕೊಟ್ಟರು. ರಜೆ ಮುಗಿಯುವುದರೊಳಗೆ ಕಿವಿ ತೋರಿಸಿಕೊಂಡು ಬರೋಣವಾ ಎಂದು ಆಗ ಕೇಳಿದೆ. ಎರಡು ಸಲ ಕೇಳಬೇಕಾಯಿತು. "ನೋಡೋಣ" ಅಂದರು. ಅಮ್ಮ ದೋಸೆಗೆ ಹಿಟ್ಟು ಹುಯ್ದಳು.