ಗೆದ್ದವರು ಯಾರು ಗುರು?

ಸೂಪರ್‌ಮ್ಯಾನ್ ಹೊಡೆತಕ್ಕೆ ಥಾರ್ ನೆಲ ಕಚ್ಚಿದ ಅಂದರೆ ಸಾಕು, ನಮ್ಮ ರೂಮಿನಲ್ಲಿ ಜಗಳ ಗ್ಯಾರಂಟಿ! ‘ಜೆಎಲ್‌ಎ/ಅವೆಂಜರ್ಸ್’ ಎಂಬ ಅಮೆರಿಕದ ಕಾಮಿಕ್ಸ್ ಸಂಪುಟದ ಮಾತಿದು. ಹಾವು-ಮುಂಗುಸಿಯಂಥ ಡಿಸಿ, ಮಾರ್ವೆಲ್ ಕಂಪನಿಗಳ ವೀರರೆಲ್ಲ ಒಂದೇ ಕಥೆಯಲ್ಲಿ! ಕಥೆ ಕರ್ಟ್ ಬ್ಯೂಸಿಕ್, ಚಿತ್ರ ಜಾರ್ಜ್ ಪೆರೆಜ್.

‘ಥಾರ್‌ಗೆ ಅನ್ಯಾಯ ಆಯ್ತು ಕಣೋ’ ಅಂತಾನೆ ಒಬ್ಬ. ‘ಜಾತ್ರೆ ಥರ ಜನ, ಕಥೆ ಎಲ್ಲಯ್ಯಾ?’ ಅಂತ ಇನ್ನೊಬ್ಬನ ಗೊಣಗಾಟ. ನನಗೆ ಹಿಡಿಸಿದ್ದೇ ಬೇರೆ. ಬ್ಯಾಟ್‌ಮ್ಯಾನ್, ಕ್ಯಾಪ್ಟನ್ ಅಮೆರಿಕ ಎದುರಾಗುತ್ತಾರೆ, ಕೊಂಚ ಕೈ ಮಿಲಾಯಿಸುತ್ತಾರೆ, ಆಮೇಲೆ ಹೊಡೆದಾಟ ಬಿಟ್ಟು ಒಟ್ಟಿಗೆ ಕೆಲಸಕ್ಕಿಳಿಯುತ್ತಾರೆ. ಅಭಿಮಾನಿಗಳಿಗೆ ಬಾರದ ಬುದ್ಧಿ ಹೀರೋಗಳಿಗೆ ಬಂತು ನೋಡಿ!

ಇದಕ್ಕಾಗಿ ಪೆರೆಜ್ 1983ರಲ್ಲೇ ಪೆನ್ಸಿಲ್ ಹಿಡಿದಿದ್ದರು. ಕಂಪನಿಗಳ ಕಿತ್ತಾಟದಲ್ಲಿ ಕೆಲಸ ಅರ್ಧಕ್ಕೇ ನಿಂತಿತು. ಮೊದಲ ಸಂಚಿಕೆ ಬಂದದ್ದು 2003ರಲ್ಲಿ, ಪೂರಾ 20 ವರ್ಷ ಕಾದ ಮೇಲೆ. ಅವರು ಕ್ಯಾನ್ಸರ್‌ನಿಂದ ನರಳುತ್ತಿದ್ದಾಗ, 2022ರಲ್ಲಿ, ಸಂಪುಟ ಮತ್ತೆ ಅಚ್ಚಾಯಿತು. ಬರೀ 7,000 ಪ್ರತಿ. ಕಷ್ಟದಲ್ಲಿರುವ ಕಾಮಿಕ್ಸ್ ಕಲಾವಿದರ ನೆರವಿಗೆ. ಅದೇ ವರ್ಷ ಮೇ 6ರಂದು ಪೆರೆಜ್ ಕಣ್ಮುಚ್ಚಿದರು.

ಥಾರ್ ಸೋತನೋ, ಸೂಪರ್‌ಮ್ಯಾನ್ ಗೆದ್ದನೋ, ನೀವೇ ಬಡಿದಾಡಿಕೊಳ್ಳಿ. ನನ್ನ ಶಿಳ್ಳೆ ಮಾತ್ರ ಆ ಪೆನ್ಸಿಲ್‌ಗೆ. ಏನಂತೀರಿ?