ಸಿಂಹದ ಹೆಸರೂ ಕುಲವೂ

ದುಂಡಸಿಯ ಸೀಮೆಯಲ್ಲಿ ತೋಳದ ಮಾತನ್ನೋ ಚಿರತೆಯ ಮಾತನ್ನೋ ಹಿರಿಯರು ಹೇಳಿಯಾರು. ಅಡವಿಯಲ್ಲಿ ಸಿಂಹವನ್ನು ಕಂಡೆನೆಂದು ಯಾವ ಅಜ್ಜನೂ ಹೇಳಲಾರನು. ಆದರೂ ಈ ನಾಡಿಗೆ ಸಿಂಹವು ಅಪರಿಚಿತವಲ್ಲ. ಬನವಾಸಿಯ ಕದಂಬರ ಲಾಂಛನವೇ ಸಿಂಹ. ಶಾಸನಗಳು ಪಾನುಂಗಲ್ಲೆಂದು ಕರೆಯುವ ಹಾನಗಲ್ಲಿನಲ್ಲಿ ಆಳಿದ ಕದಂಬ ಶಾಖೆಯವರಿಗೂ ಅದೇ ಲಾಂಛನ. ಹಿರೇಕೆರೂರಿಗೆ ನೆರೆಯದಾದ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಉತ್ಖನನದಿಂದ ದೊರೆತ ಪ್ರಾಚೀನ ಕನ್ನಡ ಬರಹವು ಸಿಂಹಕಟಾಂಜನದ ಮೇಲೆಯೇ ಇರುವುದು. ಕಾಡಿನಲ್ಲಿ ಕಾಣದ ಮೃಗವು ಹೀಗೆ ಕಲ್ಲಿನಲ್ಲಿಯೂ ಮಾತಿನಲ್ಲಿಯೂ ನೆಲೆಗೊಂಡಿತು.

ಪಾಠಶಾಲೆಯಲ್ಲಿ ಓದಿದವರಿಗಂತೂ ಸಿಂಹವು ಮೊದಲು ಕಾಣಿಸಿಕೊಳ್ಳುವುದು ಅಮರಕೋಶದಲ್ಲಿ. ಹರಿ, ಕೇಸರಿ, ಪಂಚಾಸ್ಯ, ಸಿಂಹ, ಹರ್ಯಕ್ಷ, ಮೃಗೇಂದ್ರ ಎಂಬಿವು ಒಂದೇ ಮೃಗದ ಹೆಸರುಗಳೆಂದು ಬಾಲಕನು ಕಲಿಯುವನು. ಕೊರಳ ಕೂದಲಿನಿಂದ ಕೇಸರಿ, ಹೊಂಬಣ್ಣದ ಕಣ್ಣಿನಿಂದ ಹರ್ಯಕ್ಷ; ಗುಣಕ್ಕೊಂದು ಹೆಸರು. ಆದರೆ 13ನೆಯ ಶತಮಾನದ ಜೈನ ಪಂಡಿತನಾದ ಹಂಸದೇವನು ತನ್ನ ಮೃಗಪಕ್ಷಿಶಾಸ್ತ್ರದಲ್ಲಿ ಈ ಆರು ಹೆಸರುಗಳನ್ನೇ ಆರು ಬಗೆಯ ಸಿಂಹಗಳೆಂದು ವಿಂಗಡಿಸಿ, ಒಂದೊಂದಕ್ಕೂ ಬೇರೆ ಬೇರೆ ಲಕ್ಷಣವನ್ನು ಹೇಳಿದನು. ಕೋಶದಲ್ಲಿ ಪರ್ಯಾಯವಾಗಿದ್ದುದು ಶಾಸ್ತ್ರದಲ್ಲಿ ಪ್ರಭೇದವಾಯಿತು.

ಇದನ್ನು ಓದಿ ನಗುವವರು ಪಾಶ್ಚಾತ್ಯರ ಕಥೆಯನ್ನೂ ಕೇಳಬೇಕು. 1758ರಲ್ಲಿ ಲಿನೇಯಸನು ಸಿಂಹಕ್ಕೆ ಶಾಸ್ತ್ರೀಯ ನಾಮವನ್ನಿತ್ತನು. 1826ರಲ್ಲಿ ಮೇಯರನು ಪಾರಸೀಕ ಸಿಂಹಕ್ಕೆ ಪರ್ಸಿಕ ಎಂದು ಬೇರೆ ಹೆಸರಿಟ್ಟನು. 1842ರಲ್ಲಿ ಹ್ಯಾಮಿಲ್ಟನ್ ಸ್ಮಿತ್ತನು ದಕ್ಷಿಣ ಆಫ್ರಿಕೆಯ ಕಪ್ಪು ಕೇಸರದ ಸಿಂಹವನ್ನು ಮೆಲನೊಕೈಟ ಎಂದನು. ಮುಂದೆ ಬಂದ ಪಂಡಿತರು ಒಂದೆರಡು ಚರ್ಮಗಳನ್ನೂ ತಲೆಬುರುಡೆಗಳನ್ನೂ ನೋಡಿ ಉಪಜಾತಿಗಳ ಪಟ್ಟಿಯನ್ನು ಬೆಳೆಯಿಸುತ್ತ ಹೋದರು. ಕೇಸರವಾದರೋ ವಯಸ್ಸಿಗೂ ಆರೋಗ್ಯಕ್ಕೂ ಹವೆಗೂ ತಕ್ಕಂತೆ ಬದಲಾಗುವ ವಸ್ತು; ಅದನ್ನು ನಂಬಿ ಕುಲವನ್ನು ನಿರ್ಣಯಿಸುವುದು ಗಡ್ಡವನ್ನು ನೋಡಿ ಗೋತ್ರವನ್ನು ಹೇಳಿದಂತೆ.

ವಂಶವಾಹಿಗಳ ಪರೀಕ್ಷೆಯು ಬಂದ ಮೇಲೆ ಪಟ್ಟಿಯು ಕುಗ್ಗಿತು. 2017ರಲ್ಲಿ ಮಾರ್ಜಾಲಕುಲದ ತಜ್ಞರ ಅಂತರರಾಷ್ಟ್ರೀಯ ಮಂಡಲಿಯು ಎರಡೇ ಉಪಜಾತಿಗಳನ್ನು ಅಂಗೀಕರಿಸಿತು: ಪೂರ್ವ ಮತ್ತು ದಕ್ಷಿಣ ಆಫ್ರಿಕೆಯದು ಒಂದು, ಪಶ್ಚಿಮ, ಮಧ್ಯ, ಉತ್ತರ ಆಫ್ರಿಕೆಯ ಸಿಂಹಗಳೂ ಭಾರತದ ಸಿಂಹವೂ ಕೂಡಿ ಇನ್ನೊಂದು. ಈ ಎರಡು ಕವಲುಗಳು ಸುಮಾರು 70,000 ವರ್ಷಗಳ ಹಿಂದೆ ಬೇರ್ಪಟ್ಟುವೆಂದು 2020ರಲ್ಲಿ ಪ್ರಕಟವಾದ ಸಂಶೋಧನೆಯು ಅಂದಾಜು ಮಾಡಿತು. ಎಂದಮೇಲೆ ಸೆನೆಗಾಲಿನ ಸಿಂಹಕ್ಕೆ ದಕ್ಷಿಣ ಆಫ್ರಿಕೆಯ ಸಿಂಹಕ್ಕಿಂತ ಸಾಗರದಾಚೆಯ ಗಿರ್ ಅರಣ್ಯದ ಸಿಂಹವೇ ಹತ್ತಿರದ ಜ್ಞಾತಿ.

ಹಾಗಾದರೆ ಪರ್ಸಿಕವೆಂಬ ಬೇರೆ ಹೆಸರು ಹೋದೊಡನೆ ಗಿರ್ ಸಿಂಹದ ಬೆಲೆಯು ತಗ್ಗಿತೇ? ಇಲ್ಲ. ಹೊಟ್ಟೆಯ ಕೆಳಗಿನ ಚರ್ಮದ ಮಡಿಕೆ, ಕಿವಿಗಳನ್ನು ಮುಚ್ಚದ ವಿರಳವಾದ ಕೇಸರ ಮೊದಲಾದ ವಿಶೇಷಗಳು ಹೆಸರು ಅಳಿದರೂ ಅಳಿಯವು. ಭೇದವೇ ಇಲ್ಲವೆಂಬಂತೆ ನಡೆದುಕೊಂಡುದರ ಫಲವೂ ಕಂಡಿದೆ. ಆಫ್ರಿಕೆಯ ಮೂಲದ ಸಿಂಹಗಳೊಡನೆ ಬೆರಸಿದುದರಿಂದ ದೇಶದ ಕೆಲವು ಮೃಗಾಲಯಗಳಲ್ಲಿ ಸಂಕರಸಂತತಿಯು ಬೆಳೆದು, ಕಡೆಗೆ ಅದರ ಸಂತಾನವೃದ್ಧಿಯನ್ನೇ ತಡೆಯಬೇಕಾಯಿತು. ಇಲ್ಲದ ಭೇದವನ್ನು ಎಣಿಸುವುದು ಒಂದು ತಪ್ಪು, ಇರುವ ಭೇದವನ್ನು ಮರೆಯುವುದು ಇನ್ನೊಂದು.

ಏಷ್ಯಾಖಂಡದಲ್ಲಿ ಕಾಡುಸಿಂಹಗಳು ಈಗ ಸೌರಾಷ್ಟ್ರದಲ್ಲಿ ಮಾತ್ರ ಉಳಿದಿವೆ. 1936ರ ಗಣತಿಯಲ್ಲಿ 287, 2025ರಲ್ಲಿ 891. ಸಂಖ್ಯೆಯು ಸಂತೋಷಕರವೇ ಸರಿ. ಆದರೆ ಎಲ್ಲವೂ ಒಂದೇ ಕಡೆ. 2018ರಲ್ಲಿ ಹಬ್ಬಿದ ರೋಗದಿಂದ ಕೆಲವೇ ವಾರಗಳಲ್ಲಿ 20ಕ್ಕಿಂತ ಹೆಚ್ಚು ಸಿಂಹಗಳು ಸತ್ತುವು. ಕೆಲವನ್ನು ಮಧ್ಯಪ್ರದೇಶದ ಕುನೋ ಅರಣ್ಯದಲ್ಲಿ ನೆಲೆಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿಯೇ ಆಜ್ಞಾಪಿಸಿತ್ತು. ಸಿಂಹಗಳು ಹೋಗಲಿಲ್ಲ, 2022ರಲ್ಲಿ ಅಲ್ಲಿಗೆ ಆಫ್ರಿಕೆಯಿಂದ ಚೀತಾಗಳು ಬಂದುವು.

ಕುಲವನ್ನು ತಿಳಿಯುವುದು ಕುಲವನ್ನು ಉಳಿಸುವುದಕ್ಕಾಗಿ. ಆ ಒಂದು ನೆಲೆಯೂ ತಪ್ಪಿದರೆ ಸೌರಾಷ್ಟ್ರಕ್ಕೂ ದುಂಡಸಿಯ ಸ್ಥಿತಿಯೇ ಬರುವುದು: ಕಲ್ಲಿನಲ್ಲಿ ರೂಪವಿರುವುದು, ಕೋಶದಲ್ಲಿ ಆರು ಹೆಸರುಗಳಿರುವುವು, ಅಡವಿಯಲ್ಲಿ ಮೃಗವಿರದು.